ಒಂದು ತಾಸಿನೊಳಗಿನ ಮಣ್ಣು

ನನ್ನ ಅಜ್ಜಿಯನ್ನು ಊರು ಬಿಡಿಸಿದವರು ನೀವು. ಹೂಳಿಸಿಕೊಳ್ಳಲು ಆರಡಿ ನೆಲ ಸಿಗದೆ, ಇನ್ನೂ ಉಸಿರಾಡುತ್ತಿದ್ದ ಒಬ್ಬ ಹೆಂಗಸು ತನ್ನ ಹೆಣಕ್ಕೆ ಸುತ್ತುವ ಬಟ್ಟೆಯನ್ನು ತಾನೇ ಮಡಚಿ, ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಆ ಬಸ್ಸಿನಲ್ಲಿ ಅವಳ ಪಕ್ಕದಲ್ಲಿ ಹನ್ನೊಂದು ವರ್ಷದ ನಾನು ಕುಳಿತಿದ್ದೆ. ಸರ್ಕಾರಿ ನೆಲವನ್ನು ಅಳೆಯುವ, ಹಂಚುವ, ಕಡತ ಕಟ್ಟಿಡುವ ಕಚೇರಿಯ ಕುರ್ಚಿಯಲ್ಲಿ ಒಬ್ಬರ ನಂತರ ಒಬ್ಬರು ಕುಳಿತು ಎದ್ದುಹೋದ ನಿಮ್ಮ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ, ವರ್ಗವಾಗಿ ಹೋದವರ ತಲೆಗೆ ಎಲ್ಲವನ್ನೂ ಕಟ್ಟಿ ಈಗಿರುವವರು ಕೈತೊಳೆದುಕೊಳ್ಳುತ್ತೀರಿ. ನಾನು ಕುರ್ಚಿಯನ್ನೇ ಉದ್ದೇಶಿಸಿ ಬರೆಯುತ್ತಿದ್ದೇನೆ. ಕುರ್ಚಿಗೆ ವರ್ಗಾವಣೆಯಿಲ್ಲ.

ನಮ್ಮ ಮನೆ ಕೂಡ್ಲಿಗಿ ಮತ್ತು ಕೊಟ್ಟೂರಿನ ನಡುವಿನ ಒಂದು ಹಳ್ಳಿಯಲ್ಲಿತ್ತು, ಈಗಲೂ ಇದೆ. ಮಣ್ಣಿನ ಮಾಳಿಗೆ, ಹಿಂದೆ ಅಡುಗೆಮನೆ, ನಡುವೆ ಬೆಳಕು ಕಡಿಮೆಯ ಒಂದು ಕೋಣೆ, ಮುಂದೆ ಪಡಸಾಲೆ. ಪಡಸಾಲೆ ಪೂರ್ತಿ ಅಪ್ಪನದು. ಅಪ್ಪ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತಾರೆ. ನಾಟಕದವರ ಪೇಟಿ, ಭಜನೆಯವರ ಪೇಟಿ, ಶಾಲೆಯ ಬೀರುವಿನಲ್ಲಿ ಇಲಿ ಕಡಿದ ಪೇಟಿ, ಎಲ್ಲವೂ ನಮ್ಮ ಪಡಸಾಲೆಗೆ ಬಂದು ಹೊಟ್ಟೆ ಬಿಚ್ಚಿಕೊಂಡು ಮಲಗುತ್ತಿದ್ದವು. ಹಿತ್ತಾಳೆಯ ರೀಡುಗಳನ್ನು ಅಪ್ಪ ಬಿಳಿ ಪಂಚೆಯ ಮೇಲೆ ಸಾಲಾಗಿ ಜೋಡಿಸಿ, ಒಂದೊಂದನ್ನೇ ಎತ್ತಿ ಬಾಯಿಗೆ ಹಿಡಿದು ಊದಿ ಕೇಳುತ್ತಿದ್ದರು. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಅಕ್ಷರ ಕಲಿಯುವುದಕ್ಕೆ ಮೊದಲು ನಾನು ಆ ಮನೆಯಲ್ಲಿ ಕಲಿತದ್ದು ಇದು. ಅದರ ಬೆನ್ನಿಗೇ ಕಲಿತದ್ದು, ಸತ್ತವರನ್ನು ಸತ್ತ ಊರಿನಿಂದ ಒಂದು ತಾಸಿಗಿಂತ ಹೆಚ್ಚಿನ ಹಾದಿ ಒಯ್ಯಬಾರದು ಎಂಬುದು.

ಅದು ನಮ್ಮ ಧರ್ಮದ ನಿಯಮ. ನಾವು ಬಹಾಯಿಗಳು, ಪರ್ಷಿಯಾದಲ್ಲಿ ಹುಟ್ಟಿದ, ಮನುಷ್ಯರೆಲ್ಲ ಒಂದೇ ಎನ್ನುವ ಧರ್ಮದವರು. ಅಜ್ಜ ಹರೆಯದಲ್ಲಿ ಯಾವುದೋ ಊರಿನಲ್ಲಿ ಬಹಾಯಿಗಳು ಜಾತಿ ಕೇಳದೆ ಹಾಕಿದ ಒಂದು ಪಂಕ್ತಿಯಲ್ಲಿ ಕುಳಿತು ಉಂಡು ಬಂದನಂತೆ. ಬಂದವನು ಮತ್ತೆ ತನ್ನ ಜಾತಿಯ ಹೆಸರು ಹೇಳಲಿಲ್ಲವಂತೆ. ಅಜ್ಜಿ ಒಪ್ಪಿದ್ದು ಅಷ್ಟಕ್ಕೇ. ಹತ್ತೊಂಬತ್ತು ದಿನಕ್ಕೊಮ್ಮೆ ನಮ್ಮ ಏಳು ಬಹಾಯಿ ಮನೆಗಳು ಸರದಿಯ ಪ್ರಕಾರ ಒಂದೊಂದು ಮನೆಯಲ್ಲಿ ಸೇರುತ್ತಿದ್ದವು. ಅದೇ ನಮ್ಮ ಹಬ್ಬ. ಪೂಜಾರಿಯಿಲ್ಲ, ಗಂಟೆಯಿಲ್ಲ. ಮೊದಲು ಪ್ರಾರ್ಥನೆ, ಆಮೇಲೆ ಊರಿನ ಮತ್ತು ಮನೆಗಳ ವಿಚಾರ, ಕೊನೆಗೆ ಊಟ. ನಮ್ಮ ಮನೆಯ ಸರದಿ ಬಂದರೆ ಅವ್ವ ದೊಡ್ಡ ಬುಟ್ಟಿ ತುಂಬ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಅಜ್ಜಿ ಶೇಂಗಾ ಹುರಿದು ಸಿಪ್ಪೆ ಊದುತ್ತಿದ್ದಳು. ಪ್ರಾರ್ಥನೆಗಳು ಪುಸ್ತಕದವು, ಅಜ್ಜಿಗೆ ಓದಲು ಬಾರದು. ನಾನು ಓದಿ ಹೇಳಿದ್ದನ್ನು ಬಾಯಿಪಾಠ ಮಾಡಿ, ಮದುವೆಯ ಸೋಬಾನೆ ಪದದ ಧಾಟಿಗೆ ಕೂಡಿಸಿ ಹಾಡುತ್ತಿದ್ದಳು. ಅವಳ ಶ್ರುತಿ ಕರಿ ಎರಡು. ಅಪ್ಪ ಪೇಟಿಯ ಆ ಎರಡನೆಯ ಕಪ್ಪು ಪಟ್ಟಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದರು. ಅಜ್ಜಿ ಎಲ್ಲಿಂದಲೋ ಸುತ್ತಿ ಬಂದು ಸರಿಯಾಗಿ ಅಲ್ಲಿಯೇ ಇಳಿಯುತ್ತಿದ್ದಳು.

ಹಬ್ಬದ ಆ ಎರಡು ತಾಸು ಬಿಟ್ಟರೆ ನಮ್ಮ ಮನೆಯಲ್ಲಿ ಇದ್ದದ್ದು ಭಯ. ಅಜ್ಜ ತೀರಿಕೊಂಡ ದಿನ ಅವನ ಅಣ್ಣತಮ್ಮಂದಿರು ಬಂದು, ಯಾರ ಮಾತೂ ಕೇಳದೆ ಹೆಣವನ್ನು ಎತ್ತಿಕೊಂಡು ಹೋಗಿ ಊರ ಸುಡುಗಾಡಿನ ಜಾತಿಯ ಮೂಲೆಯಲ್ಲಿ ಹೂಳಿದ್ದರು. ನಮ್ಮೂರ ಸುಡುಗಾಡಿನಲ್ಲಿ ಗೋಡೆಗಳಿಲ್ಲ, ಆದರೆ ಯಾವ ಜಾಲಿ ಗಿಡದಾಚೆ ಯಾರು ಎಂಬುದು ಕೂಸಿಗೂ ಗೊತ್ತು. ಹೊಲವಿದ್ದವರು ಹೊಲದಲ್ಲಿ ಹೂಳುತ್ತಾರೆ. ನಮಗೆ ಹೊಲವಿಲ್ಲ. ಜಾತಿ ಬಿಟ್ಟವರಿಗೆ ಮೂಲೆಯಿಲ್ಲ. ಅಜ್ಜಿ ಆ ದಿನದ ಬಗ್ಗೆ ಹೆಚ್ಚು ಮಾತಾಡುತ್ತಿರಲಿಲ್ಲ. ಮಾತಾಡಿದರೆ ಒಂದೇ ಮಾತು.

“ಬಿಟ್ಟು ಬಂದ ಮೂಲಿಗೆ ಅವನ್ನ ಸತ್ತ ಮ್ಯಾಲ ಕಳಿಸಿದ್ವಿ. ನಾ ಬಾಯಿ ಮುಚ್ಕೊಂಡು ನಿಂತಿದ್ದೆ. ನನ್ನ ಕಳಿಸಬ್ಯಾಡ್ರಪ್ಪ.”

ವರ್ಷಕ್ಕೆ ನಾಲ್ಕೈದು ಸಲ ಅಪ್ಪ ರೀಡು, ಚರ್ಮ, ಅಂಟು ತರಲು ನಗರಗಳಿಗೆ ಹೋಗುತ್ತಿದ್ದರು. ಶಾಲೆಗೆ ರಜೆಯಿದ್ದರೆ ನನ್ನನ್ನೂ ಕರೆದೊಯ್ಯುತ್ತಿದ್ದರು. ನನ್ನ ಓರಗೆಯವರು ನಗರವೆಂದರೆ ದೀಪ, ಐಸ್‌ಕ್ರೀಂ, ಸಿನಿಮಾ ಎನ್ನುವಾಗ ನನಗೆ ನಗರವೆಂದರೆ ತಾಸಿನಾಚೆಯ ಊರು. ಬಸ್ಸು ಹೊರಟ ಕೂಡಲೇ ಅಪ್ಪನ ಕೈಗಡಿಯಾರವನ್ನು ಬಿಚ್ಚಿಸಿ ನನ್ನ ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದೆ. ಕೂಡ್ಲಿಗಿ, ಕೊಟ್ಟೂರು ತಾಸಿನೊಳಗೆ. ಹಗರಿಬೊಮ್ಮನಹಳ್ಳಿ ಬಸ್ಸು ಚೆನ್ನಾಗಿದ್ದರೆ ಒಳಗೆ, ಕೆಟ್ಟಿದ್ದರೆ ಹೊರಗೆ. ಹಡಗಲಿ ಯಾವಾಗಲೂ ಹೊರಗೆ. ದಾವಣಗೆರೆಯ ದಾರಿಯಲ್ಲಿ ಹರಪನಹಳ್ಳಿ ಕಾಣುವ ಮೊದಲೇ ತಾಸು ತುಂಬುತ್ತಿತ್ತು. ತುಂಬಿದ ಕ್ಷಣದಿಂದ ನನಗೆ ಕಿಟಕಿ ಬೇಡವಾಗುತ್ತಿತ್ತು. ಅಪ್ಪ ಬಾಯಿ ತೆರೆದು ನಿದ್ದೆ ಹೋದರೆ ಅವರ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಿದ್ದೆ. ಇವರು ಇಲ್ಲಿಯೇ, ಈ ಸೀಟಿನಲ್ಲಿಯೇ ಹೋಗಿಬಿಟ್ಟರೆ ಮನೆಗೆ ಒಯ್ಯುವಂತಿಲ್ಲ. ಒಯ್ದರೂ ಮನೆಯ ಹತ್ತಿರ ಇಡಲು ನೆಲವಿಲ್ಲ. ಒಮ್ಮೆ ಕಂಡಕ್ಟರ್ ಅದನ್ನು ಕಂಡು ನಕ್ಕ.

“ಏನವ್ವ, ನಿಮ್ಮಪ್ಪಗ ಟಿಕೆಟ್ ತಗದಿದೀಯಲ್ಲ, ಇಳಿಯೋತನ ಇರ್ತಾನ ಬಿಡು.”

ನಾನು ನಗಲಿಲ್ಲ. ನಗರ ಮುಟ್ಟಿದ ಮೇಲೆ ನಾವು ಉಳಿಯುತ್ತಿದ್ದದ್ದು ಬಹಾಯಿಗಳ ಮನೆಯಲ್ಲಿ. ಹುಬ್ಬಳ್ಳಿಯಲ್ಲಿ ಮಹಡಿಯ ಒಂದು ಕೋಣೆ. ಅಲ್ಲಿನ ಹುಡುಗ ಹುಡುಗಿಯರು ಗಿಟಾರು ಹಿಡಿದು ಪ್ರಾರ್ಥನೆ ಹಾಡುತ್ತಿದ್ದರು, ಕೆಳಗೆ ರೈಲಿನ ಕೂಗು ಅದಕ್ಕೆ ಶ್ರುತಿ ಸೇರದೆ ಹಾದುಹೋಗುತ್ತಿತ್ತು. ಬೆಂಗಳೂರಿನಲ್ಲಿ ಒಮ್ಮೆ ಐದಾರು ಭಾಷೆಯ ಜನ ಒಂದೇ ರಾಗವನ್ನು ಎತ್ತಿದಾಗ ಅಪ್ಪ ಅತ್ತರು. ನಾನು ಅವರ ತೋಳು ಬಿಗಿಹಿಡಿದೆ, ಅಳುವುದು ಎದೆಗೆ ಕೆಟ್ಟದ್ದೆಂದು ಯಾರೋ ಹೇಳಿದ್ದರು. ಎಲ್ಲಿ ಹೋದರೂ ಅಪ್ಪ ಮೊದಲು ಆ ಮನೆಯ ಪೇಟಿಯ ತಿದಿ ಒತ್ತಿ ನೋಡುತ್ತಿದ್ದರು, ಬಳಿಕ ಕೇಳುತ್ತಿದ್ದರು.

“ನಿಮ್ಮ ಮಣ್ಣು ಎಲ್ಲೈತ್ರಿ?”

ಹೀಗಾಗಿ ನಗರಗಳಲ್ಲಿ ನಾನು ನೋಡಿದ ಪ್ರೇಕ್ಷಣೀಯ ಸ್ಥಳಗಳೆಲ್ಲ ಕಾಂಪೌಂಡುಗಳು. ಸಣ್ಣ ಗೇಟು, ಬೀಗ, ಒಳಗೆ ನಾಲ್ಕಾರು ಗೋರಿ, ಯಾರೋ ನೆಟ್ಟ ಗುಲಾಬಿ. ದಾವಣಗೆರೆಯ ಗೇಟಿನ ಕೀಲಿ ಶಾರದಮ್ಮ ಎಂಬ ನಿವೃತ್ತ ಶಿಕ್ಷಕಿಯ ಮನೆಯ ಮೊಳೆಗೆ ನೇತುಬಿದ್ದಿತ್ತು. ಅವರ ಮನೆಗೆ ಹೋದಾಗಲೆಲ್ಲ ನಾನು ಆ ಕೀಲಿಯನ್ನು ಒಮ್ಮೆ ಮುಟ್ಟಿ ನೋಡುತ್ತಿದ್ದೆ. ಇಲ್ಲಿ ಅಪ್ಪ ಸತ್ತರೆ ಜಾಗವಿದೆ ಎಂಬ ಸಮಾಧಾನ ಒಂದು ಮಗುವಿಗೆ ಸಿಗಬೇಕಾದ ಸಮಾಧಾನವೇ? ಈ ಪ್ರಶ್ನೆಯನ್ನು ಕುರ್ಚಿಗೆ ಕೇಳುತ್ತಿದ್ದೇನೆ.

ನನಗೆ ಎಂಟು ವರ್ಷವಾಗಿದ್ದಾಗ ನೀವು ಒಮ್ಮೆ ನಮ್ಮೂರಿಗೆ ಬಂದಿರಿ. ಹೂಳಲು ನೆಲ ಕೇಳಿದ ಅಪ್ಪನ ಅರ್ಜಿಯ ಮೇಲೆ ಸರ್ವೆಯವರು ಸರಪಳಿ ಎಳೆದು, ಊರಾಚೆಯ ಬೋರೆ ದಿಬ್ಬದಲ್ಲಿ ಒಂದು ತುಂಡು ಅಳೆದು ನಾಲ್ಕು ಕಲ್ಲು ನೆಟ್ಟರು. ಕಾಗದ ಬರುತ್ತದೆ ಎಂದರು. ಅಜ್ಜಿ ಅವರಿಗೆ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸಿದಳು. ಅಂದಿನಿಂದ ಪ್ರತಿ ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಒಂದು ಡಬ್ಬಿಯಲ್ಲಿ ಸುಣ್ಣ ಕಲಸಿಕೊಂಡು ಹೋಗಿ ಆ ನಾಲ್ಕು ಕಲ್ಲಿಗೆ ಹಚ್ಚಿ ಬರುತ್ತಿದ್ದಳು. ನಾನು ಬ್ರಷ್ಷು ಹಿಡಿದು ಹಿಂದೆ ಹೋಗುತ್ತಿದ್ದೆ. ಯಾವ ಕಲ್ಲಿನ ಹತ್ತಿರ ತಲೆ, ಯಾವ ಕಡೆ ಕಾಲು ಎಂದು ಅವಳು ಮಲಗಿ ತೋರಿಸುತ್ತಿದ್ದಳು. ಆ ಎರಡು ವರ್ಷ ನಮ್ಮ ಮನೆಯಲ್ಲಿ ಜಗಳ ಕಡಿಮೆಯಾಗಿತ್ತು. ಕಾಗದ ಬರಲಿಲ್ಲ. ಒಂದು ಬೆಳಿಗ್ಗೆ ನಾವು ಹೋದಾಗ ಕಲ್ಲುಗಳಿರಲಿಲ್ಲ. ರಸ್ತೆಗೆಂದು ಗರಸು ಮಣ್ಣು ಅಗೆದು ಒಯ್ದಿದ್ದರು. ನಾಲ್ಕು ಆಳು ಒಬ್ಬರ ಮೇಲೊಬ್ಬರು ನಿಂತರೂ ಮುಳುಗುವ ಗುಂಡಿ. ಅಜ್ಜಿ ಅಂಚಿಗೆ ಹೋಗಿ ಬಗ್ಗಿ ನೋಡಿದಳು.

“ನನಗಂತನ ತೋಡ್ಯಾರ ನೋಡವ್ವ. ಬಾಳ ದೊಡ್ಡದಾತು, ಅಷ್ಟು ದಪ್ಪ ಇಲ್ಲ ನಾನು.”

ಡಬ್ಬಿಯಲ್ಲಿದ್ದ ಸುಣ್ಣವನ್ನು ಅವಳು ಚೆಲ್ಲಲಿಲ್ಲ. ಮನೆಗೆ ತಂದು ಹೊಸ್ತಿಲಿಗೆ ಬಳಿದಳು.

ಅಪ್ಪ ನನ್ನನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಬಂದರು. ಅಪ್ಪನಿಗೆ ಅರ್ಜಿ ಓದಿ ಹೇಳಲು ನಾನು ಬೇಕಾಗಿದ್ದೆ. ಮೇಜಿನಾಚೆಯ ಗುಮಾಸ್ತರು ಕಾಗದವನ್ನು ನೋಡಲಿಲ್ಲ, ಅಪ್ಪನ ಮುಖ ನೋಡಿದರು. ಆ ಸಂಭಾಷಣೆ ನನಗೆ ಅಕ್ಷರಶಃ ನೆನಪಿದೆ.

“ಏನ್ ಜನಾರೀ ನೀವು? ಹಿಂದೂನೋ, ಸಾಬ್ರೋ, ಕಿರಸ್ತಾನ್ರೋ?”

“ಬಹಾಯಿ ಅಂತಾರ್ರಿ ಸಾಹೇಬ್ರ.”

“ನಮ್ಮ ಪಟ್ಟಿಯಾಗ ಇಲ್ಲಪ ಅದು. ಪಟ್ಟಿಯಾಗ ಇಲ್ಲದೋರಿಗೆ ಸಾವೂ ಇಲ್ಲ, ಆರಾಮ ಇರ್ರಿ.”

ಪಕ್ಕದ ಮೇಜಿನವರು ನಕ್ಕರು. ಅಪ್ಪನೂ ನಕ್ಕರು, ಕಚೇರಿಯಲ್ಲಿ ಬಡವರು ನಗುವ ಆ ನಗುವನ್ನು ನಾನು ಅಂದೇ ಮೊದಲು ನೋಡಿದ್ದು.

“ಮೊದ್ಲು ನಿಮ್ಮ ಜಾತಿಗೆ ಒಂದು ಮೂಲಿ ಇತ್ತಲ್ಲ, ಅಲ್ಲೇ ಹಾಕ್ರಿ.”

“ಅದನ್ನ ಬಿಟ್ಟೇವ್ರಿ.”

“ಬಿಟ್ರ ಮಣ್ಣು ಬಿಡತೈತೇನು? ಹೋಗ್ಲಿ, ಈಗ ಯಾರರ ಸತ್ತಾರೇನು?”

“ಇಲ್ರಿ. ನಮ್ಮವ್ವ ಅದಾಳ, ವಯಸ್ಸಾಗೈತಿ.”

“ಸತ್ತ ಮ್ಯಾಲ ಬರ್ರಿ. ಅರ್ಜೆಂಟ್ ಮಾಡಿ ಕೊಡ್ತೀವಿ.”

ಮರುವರ್ಷ ಬೇಸಿಗೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಹೊಟ್ಟೆಯಲ್ಲಿ ಗಂಟು. ಕೊಟ್ಟೂರಿನ ಡಾಕ್ಟರು ಅಪ್ಪನನ್ನು ಹೊರಗೆ ಕರೆದು, ಇನ್ನು ಮಾಡುವುದೇನೂ ಇಲ್ಲ, ಮನೆಯಲ್ಲಿಟ್ಟು ನೋಡಿಕೊಳ್ಳಿ ಎಂದರು. ಮನೆಯಲ್ಲಿಟ್ಟು ನೋಡಿಕೊಳ್ಳುವುದು! ಎಲ್ಲರ ಮನೆಯಲ್ಲೂ ಅದು ಕೊನೆಯ ಸಮಾಧಾನದ ಮಾತು. ನಮ್ಮ ಮನೆಯಲ್ಲಿ ಅದೇ ಬೆದರಿಕೆಯಾಯಿತು. ಅಜ್ಜನ ಅಣ್ಣತಮ್ಮಂದಿರ ಮಕ್ಕಳು ದಿನಕ್ಕೊಬ್ಬರು ಬಂದು ಪಡಸಾಲೆಯಲ್ಲಿ ಕುಳಿತು ಹೋಗತೊಡಗಿದರು. ಅವರು ಕೆಟ್ಟವರಲ್ಲ, ಹೊರಲು ಹೆಗಲು ಕೊಡಲೆಂದೇ ಬರುತ್ತಿದ್ದರು. ಎಲ್ಲಿಗೆ ಹೊರುತ್ತಾರೆ ಎಂಬುದು ನಮಗೆ ಗೊತ್ತಿತ್ತು. ಅವರ ಚಪ್ಪಲಿಯ ಸದ್ದಾದರೆ ಅಜ್ಜಿ ಗೋಡೆಯ ಕಡೆ ತಿರುಗುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಅಪ್ಪನನ್ನು ಕರೆದಳು.

“ಶಾರದಮ್ಮನ ಊರು ಎಷ್ಟು ತಾಸಿನ ಹಾದಿ?”

“ಎರಡೂವರಿ ತಾಸು, ಯವ್ವಾ.”

“ಸತ್ತ ಮ್ಯಾಲ ಹೋಗಾಕ ಬರಲ್ಲ. ಜೀವ ಇದ್ದಾಗ ಹೋಗಬೌದಲ್ಲ?”

ಅಪ್ಪ ಕೈಯಲ್ಲಿದ್ದ ರೀಡನ್ನು ಕೆಳಗಿಟ್ಟರು. ಅಡುಗೆಮನೆಯಿಂದ ಅವ್ವ ಸೌಟು ಹಿಡಿದೇ ಹೊರಗೆ ಬಂದಳು.

“ಹುಚ್ಚು ಹಿಡದೈತೇನು ನಿಮಗ ತಾಯಿ ಮಗಗ? ಗುಳಿಗಿ ನುಂಗಾಕ ಬರಲ್ಲ ಆಕಿಗೆ, ಬಸ್ಸು ಹತ್ತಿಸ್ತೀರಾ? ಮಂದಿ ಏನಂದಾರು? ಮುದುಕೀನ್ನ ಮನಿ ಬಿಟ್ಟು ಓಡಿಸಿದ್ಲು ಸೊಸಿ ಅಂತಾರ!”

“ಅನ್ಲಿ ಬಿಡು,” ಎಂದಳು ಅಜ್ಜಿ. “ನಲವತ್ತು ವರ್ಷ ಏನೇನರ ಅಂದಾರ. ಹೊಸದೊಂದು ಅನ್ಲಿ.”

ಅವ್ವ ಆ ಸಂಜೆ ಉಣ್ಣಲಿಲ್ಲ. ಬೆಳಿಗ್ಗೆ ಅವಳೇ ಅಜ್ಜಿಗೆ ನೀರೆರೆದು, ತಲೆ ಬಾಚಿ, ಬಿಳಿ ಬಟ್ಟೆಯನ್ನು ಟ್ರಂಕಿನಿಂದ ತೆಗೆದುಕೊಟ್ಟಳು. ಅಜ್ಜಿ ಅದನ್ನು ತಾನೇ ಮಡಚಬೇಕೆಂದು ಹಠ ಹಿಡಿದಳು. ಚೀಲದಲ್ಲಿ ಬಟ್ಟೆ, ಅದರ ಮೇಲೆ ನಮ್ಮಲ್ಲಿ ಹೆಣದ ಬೆರಳಿಗೆ ತೊಡಿಸುವ ಉಂಗುರ, ಅದರ ಮೇಲೆ ದಾರಿಗೆಂದು ಎರಡು ರೊಟ್ಟಿ.

ಆ ಪ್ರಯಾಣದಲ್ಲೂ ನಾನು ಗಡಿಯಾರ ಹಿಡಿದಿದ್ದೆ. ಈ ಸಲ ಭಯ ತಿರುಗಿ ನಿಂತಿತ್ತು. ತಾಸು ತುಂಬುವುದರೊಳಗೆ ಇವಳು ಹೋಗಿಬಿಟ್ಟರೆ ಬಸ್ಸು ಇಳಿಸಿ ಮನೆಗೆ ಒಯ್ಯುತ್ತಾರೆ, ಆ ಮೂಲೆಗೆ ಒಯ್ಯುತ್ತಾರೆ. ತಾಸು ತುಂಬಲಿ, ಬೇಗ ತುಂಬಲಿ ಎಂದು ಮುಳ್ಳನ್ನು ನೋಡುತ್ತ ಕುಳಿತಿದ್ದೆ. ನನ್ನ ಅಜ್ಜಿ ಮನೆಯಿಂದ ದೂರವಾಗಲಿ ಎಂದು ನಾನೇ ಬೇಡುತ್ತಿದ್ದೆ. ಹರಪನಹಳ್ಳಿ ಕಂಡಾಗ ಅವಳ ಕೈ ಒತ್ತಿ ಹೇಳಿದೆ.

“ದಾಟಿದ್ವಿ ಅಜ್ಜಿ.”

“ಹೂಂ,” ಎಂದು ಕಿಟಕಿಯಾಚೆ ನೋಡಿ ಅಂದಳು, “ಈ ಊರು ನಾ ನೋಡೇ ಇಲ್ಲ ನೋಡು. ಬಸ್ ಸ್ಟ್ಯಾಂಡ್ ಚಲೋ ಐತಿ.”

ಶಾರದಮ್ಮನ ಮನೆಯಲ್ಲಿ ಅಜ್ಜಿ ಒಂಬತ್ತು ದಿನ ಇದ್ದಳು. ಮೂರನೆಯ ದಿನ ಆಟೋದಲ್ಲಿ ಕೂರಿಸಿ ಅವಳನ್ನು ಮಂಡಕ್ಕಿ ಭಟ್ಟಿಗಳ ಓಣಿಗೆ ಕರೆದೊಯ್ದೆವು. ಹೊಗೆ, ಕಾದ ಮರಳು, ಅರಳುವ ಅಕ್ಕಿಯ ಚಟಪಟ ಸದ್ದು. ನಮ್ಮ ಹಬ್ಬದ ಮಂಡಕ್ಕಿ ಹುಟ್ಟುವುದು ಇಲ್ಲಿ ಎಂದು ತಿಳಿದಾಗ, ತೌರುಮನೆಗೆ ಬಂದಂತೆ ಕಣ್ಣರಳಿಸಿ ನೋಡಿದಳು. ಇಡೀ ನಗರದಲ್ಲಿ ಅವಳು ಮೆಚ್ಚಿದ್ದು ಅದೊಂದನ್ನೇ. ಸಂಜೆ ಅಲ್ಲಿನ ಬಹಾಯಿಗಳು ಬಂದು ಅವಳ ಸುತ್ತ ಕುಳಿತು ಹಾಡುತ್ತಿದ್ದರು. ಅಪ್ಪ ಕರಿ ಎರಡರ ಮೇಲೆ ಬೆರಳಿಟ್ಟು ಕಾಯುತ್ತಿದ್ದರು. ಮೊದಲ ದಿನಗಳಲ್ಲಿ ಅಜ್ಜಿಯ ದನಿ ಬಂದು ಅಲ್ಲಿ ಇಳಿಯಿತು. ಆಮೇಲೆ ತುಟಿ ಮಾತ್ರ. ಒಂಬತ್ತನೆಯ ದಿನ ಮಧ್ಯಾಹ್ನ ಅಪ್ಪ ತಿದಿ ಒತ್ತುತ್ತಲೇ ಇದ್ದರು, ಶಾರದಮ್ಮ ಬಂದು ಅವರ ಕೈ ಹಿಡಿದರು.

ತೊಳೆದು, ಉಂಗುರ ತೊಡಿಸಿ, ಅವಳೇ ಮಡಚಿದ ಬಟ್ಟೆಯನ್ನು ಬಿಚ್ಚಿ ಸುತ್ತಿದರು. ಗೇಟಿನ ಕೀಲಿಯನ್ನು ನಾನೇ ಮೊಳೆಯಿಂದ ತೆಗೆದುಕೊಟ್ಟೆ. ಒಬ್ಬರು ಪ್ರಾರ್ಥನೆ ಓದಿದರು, ಉಳಿದವರು ನಿಂತರು. ಅವ್ವ ಊರಿನಲ್ಲಿದ್ದಳು, ಅವಳಿಗೆ ಸುದ್ದಿ ಮುಟ್ಟಿದಾಗ ಮಣ್ಣು ಮುಚ್ಚಿಯಾಗಿತ್ತು. ಹಿಂತಿರುಗಿ ಬರುವಾಗ ಶಾರದಮ್ಮ ಅಪ್ಪನಿಗೆ ಒಂದು ಮಾತು ಹೇಳಿದರು.

“ತಾಸಿನ ನಿಯಮಕ್ಕೆ ನೀವು ಇಷ್ಟೊಂದು ಹೆದರಬಾರದಾಗಿತ್ತಪ್ಪ. ಸತ್ತವರನ್ನು ದೂರ ಹೊತ್ತುಕೊಂಡು ಅಲೆಯಬೇಡಿ, ಹತ್ತಿರದಲ್ಲೇ ಮಣ್ಣು ಮಾಡಿ ಅನ್ನೋದಕ್ಕೆ ಅದನ್ನ ಮಾಡಿದ್ದು.”

ಇಂದು ಅಪ್ಪನ ಪರವಾಗಿ ನಾನು ಅದಕ್ಕೆ ಉತ್ತರ ಹೇಳುತ್ತೇನೆ. ಸತ್ತವರನ್ನು ದೂರ ಹೊರಬಾರದೆಂದು ಮಾಡಿದ ನಿಯಮವನ್ನು, ಬದುಕಿದ್ದವರನ್ನು ದೂರ ಹೊರುವ ಶಿಕ್ಷೆಯಾಗಿ ತಿರುಗಿಸಿದವರು ನೀವು. ಹತ್ತಿರದ ಮಣ್ಣು ನಿಮ್ಮ ಕೈಯಲ್ಲಿತ್ತು.

ಊರಿಗೆ ಬಂದ ಅಪ್ಪ, ಸತ್ತ ಮೇಲೆ ಬನ್ನಿ ಎಂದಿದ್ದ ಮಾತನ್ನು ನಂಬಿ ಮತ್ತೆ ನಿಮ್ಮ ಬಾಗಿಲಿಗೆ ಬಂದರು. ನಾನೂ ಇದ್ದೆ. ಅದೇ ಮೇಜು, ಬೇರೆ ಮುಖ.

“ನಿಮ್ಮವ್ವನ್ನ ಎಲ್ಲಿ ಹೂಳಿದ್ರಿ?”

“ದಾವಣಗೆರಿಯಾಗ್ರಿ.”

“ಅಲ್ಲಿ ಜಾಗ ಐತಲ್ಲ ಮತ್ತ? ಕೆಲಸ ಆಗೈತಲ್ಲ? ಇಲ್ಲಿ ಯಾಕ ಬೇಕು?”

ಕಡತದ ಮೇಲೆ ‘ಇತ್ಯರ್ಥವಾಗಿದೆ’ ಎಂದು ಬರೆದರು. ಹೂಳಲು ನೆಲವಿಲ್ಲವೆಂದು ಒಬ್ಬಳು ಊರು ಬಿಟ್ಟದ್ದೇ, ನಮಗೆ ನೆಲ ಬೇಕಿಲ್ಲ ಎಂಬುದಕ್ಕೆ ಸಾಕ್ಷಿಯಾಯಿತು. ವಿಶ್ವವಿದ್ಯಾಲಯದಲ್ಲಿ ಆಡಳಿತದ ಪುಸ್ತಕಗಳನ್ನು ಓದುವಾಗ ‘ಇತ್ಯರ್ಥ’ ಎಂಬ ಶಬ್ದ ಬಂದಲ್ಲೆಲ್ಲ ನಾನು ಪುಟ ತಿರುಗಿಸಲಾರದೆ ಕುಳಿತಿದ್ದೇನೆ. ಆ ಬಳಿಕ ಅಪ್ಪ ಹಾಕಿದ ಅರ್ಜಿಗಳಿಗೂ, ನಾನು ಬರೆದ ಅರ್ಜಿಗಳಿಗೂ ಬಂದ ಉತ್ತರ ಆ ಒಂದೇ ಶಬ್ದ.

ಅಪ್ಪನಿಗೆ ಈಗ ಎಪ್ಪತ್ತು ದಾಟಿದೆ. ಕಿವಿ ಮಂದವಾಗಿದೆ, ರೀಡನ್ನು ಹಲ್ಲಿಗೆ ಒತ್ತಿ ಹಿಡಿದು ಅದರ ನಡುಕದಿಂದ ಸ್ವರ ಗುರುತಿಸುತ್ತಾರೆ. ಹೋದ ತಿಂಗಳು ನಾನು ಊರಿಗೆ ಹೋದಾಗ ಬಾಗಿಲ ಹಿಂದಿನ ಗೂಟಕ್ಕೆ ಒಂದು ಚೀಲ ನೇತುಬಿದ್ದಿತ್ತು. ಮುಟ್ಟಿದೆ, ಒಳಗೆ ಮಡಚಿದ ಬಟ್ಟೆ. ಅವ್ವ ಒಲೆಯ ಮುಂದೆ ಮುಖ ತಿರುಗಿಸಿಕೊಂಡು ಕುಳಿತಿದ್ದಳು. ಅಪ್ಪನ ಕಿವಿಯ ಬಳಿ ಬಗ್ಗಿ ಕೇಳಿದೆ.

“ಅದೇನಪ್ಪ?”

“ಏನಿಲ್ಲವ್ವ. ಶಾರದಮ್ಮ ತೀರಿಕೊಂಡಾಳಂತ. ಕೀಲಿ ಈಗ ಯಾರ ಮನ್ಯಾಗೈತಿ, ಒಂದೀಟು ಕೇಳಿಡು.”

ನಾನು ಕೇಳಿಲ್ಲ, ಕೇಳುವುದಿಲ್ಲ. ನಲವತ್ತು ವರ್ಷ ಪೇಟಿಗಳನ್ನು ಕೂಡಿಸಿದ ಮನುಷ್ಯ ಸಾಯಲಿಕ್ಕಾಗಿ ಪಡಸಾಲೆ ಬಿಟ್ಟು, ಅವ್ವನನ್ನು ಬಿಟ್ಟು, ಎರಡೂವರೆ ತಾಸು ಕುಲುಕುವ ಬಸ್ಸಿನಲ್ಲಿ ಪರವೂರಿಗೆ ಹೋಗಬೇಕಾಗಿಲ್ಲ. ಆದ್ದರಿಂದ, ನನ್ನ ಬಾಲ್ಯದ ಈ ಅಧ್ಯಾಯವನ್ನು ನಮ್ಮ ಏಳು ಮನೆಗಳ ಅರ್ಜಿಯೆಂದೇ ಸ್ವೀಕರಿಸಬೇಕೆಂದು ಕೋರುತ್ತೇನೆ. ಸುಣ್ಣ ಬಳಿದ ಆ ನಾಲ್ಕು ಕಲ್ಲುಗಳ ನೆಲ ಯಾರ ಅಪ್ಪಣೆಯಿಂದ ಗುಂಡಿಯಾಯಿತು ಎಂಬುದಕ್ಕೆ ಲಿಖಿತ ಉತ್ತರ ಕೊಡಿ. ‘ಇತ್ಯರ್ಥವಾಗಿದೆ’ ಎಂಬ ಟಿಪ್ಪಣಿಯನ್ನು ರದ್ದುಪಡಿಸಿ ಕಡತವನ್ನು ಮತ್ತೆ ತೆರೆಯಿರಿ. ನಮ್ಮ ಹಳ್ಳಿಯಿಂದ ಒಂದು ತಾಸಿನೊಳಗೆ, ಯಾವ ಜಾತಿಯ ಮೂಲೆಯೂ ಅಲ್ಲದ ಒಂದು ತುಂಡು ನೆಲವನ್ನು ಅಳೆದು, ಕಲ್ಲು ನೆಟ್ಟು, ಈ ಸಲ ಕಲ್ಲಿನ ಜೊತೆಯಲ್ಲೇ ಕಾಗದವನ್ನೂ ಕೊಡಿ. ಅಳೆಯಲು ಬಂದವರಿಗೆ ನಮ್ಮ ಮನೆಯಲ್ಲಿ ಈಗಲೂ ಊಟವಿದೆ. ಅಪ್ಪನ ಚೀಲ ಇನ್ನೂ ಗೂಟದಲ್ಲಿದೆ. ಅವರು ಅದನ್ನು ಇಳಿಸಿ ಹೆಗಲಿಗೆ ಹಾಕಿಕೊಳ್ಳುವ ಮೊದಲು ನಿಮ್ಮ ಉತ್ತರ ನಮ್ಮ ಮನೆ ಮುಟ್ಟಬೇಕು.